ಟೊರೊಂಟೊದ ಆ ಫಲಕಗಳಲ್ಲಿ ಫ್ಲ್ಯೂರಿ ಹೆಸರು ಯಾಕಿಲ್ಲ?

ಪ್ರಶ್ನೆ: ಕ್ಯಾಲ್ಗರಿಯಲ್ಲಿರುವ ಮಗನ ಮನೆಗೆ ಹೋದಾಗ ಟೊರೊಂಟೊದ ಹಾಕಿ ಹಾಲ್ ಆಫ್ ಫೇಮ್ (ಶ್ರೇಷ್ಠ ಆಟಗಾರರ ಗೌರವ ಭವನ) ಕೂಡ ನೋಡಿಬಂದೆ. ಕ್ಯಾಲ್ಗರಿಯಲ್ಲಿ ಎಲ್ಲರ ಬಾಯಲ್ಲೂ ಥಿಯೊ ಫ್ಲ್ಯೂರಿ. ಟೊರೊಂಟೊದ ಫಲಕಗಳಲ್ಲಿ ಹುಡುಕಿದರೆ ಆತನ ಹೆಸರೇ ಇಲ್ಲ. 454 ಪಂದ್ಯ ಗೆದ್ದ ಗೋಲಿ (ಗೋಲ್‌ಕೀಪರ್) ಕರ್ಟಿಸ್ ಜೋಸೆಫ್ ಕೂಡ ಇಲ್ಲ. ಇಂಥವರನ್ನು ಹೊರಗಿಟ್ಟಿದ್ದು ಯಾಕೆ? ಮುಂದೆ ಒಳಗೆ ಬರಬಹುದೇ? ಅಭಿಮಾನಿಗಳು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಇದು ಕೊಡಗಿನ ಗಣೇಶ್, ಗೋವಿಂದ, ಸೋಮಯ್ಯ ಆಡಿದ ಹಾಕಿಯಲ್ಲ, ಮಂಜಿನ ಮೇಲಿನ ಹಾಕಿ ಎಂಬುದನ್ನು ಉಳಿದ ಓದುಗರಿಗಾಗಿ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದು: ಆಟದ ದಾಖಲೆ ಸಾಲದೆ ಹೊರಗುಳಿದವರೂ ಇದ್ದಾರೆ, ಆದರೆ ಜನ ವರ್ಷವರ್ಷವೂ ಜಗಳವಾಡುವ ಹೆಸರುಗಳ ಕಥೆ ಬೇರೆ. ಹದಿನೆಂಟು ಜನ ಕೂತ ಮುಚ್ಚಿದ ಕೋಣೆಯಲ್ಲಿ, ಒಂದೇ ದಿನ, ಒಂದೇ ಹೆಸರಿಗೆ ಹದಿನಾಲ್ಕು ಮತ ಕೂಡಿಬರಲಿಲ್ಲ, ಅಷ್ಟೇ. ಯಾಕೆ ಕೂಡಿಬರುವುದಿಲ್ಲ ಎಂಬುದು ಆಯ್ಕೆಯ ವಿಧಾನದಲ್ಲೇ ಅಡಗಿದೆ.

ಅದಕ್ಕೆ ಮುಂಚೆ ಒಂದು ಗೊಂದಲ ಬಿಡಿಸಬೇಕು. ಯಂಗ್ ಸ್ಟ್ರೀಟ್ ಮತ್ತು ಫ್ರಂಟ್ ಸ್ಟ್ರೀಟ್ ಸೇರುವ ಮೂಲೆಯಲ್ಲಿ, ಹಳೆಯ ಬ್ಯಾಂಕ್ ಆಫ್ ಮಾಂಟ್ರಿಯಲ್ ಕಟ್ಟಡವನ್ನೂ ಒಳಗೊಂಡು 1993ರಿಂದ ನಡೆಯುತ್ತಿರುವ ಆ ಜಾಗದಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಒಂದು ಮ್ಯೂಸಿಯಂ. ಅಲ್ಲಿ ಯಾರ ಕೋಲು, ಯಾರ ಜರ್ಸಿ ಬೇಕಾದರೂ ಇರಬಹುದು. ಅದು ಗೌರವ ಸದಸ್ಯತ್ವ ಅಲ್ಲ. ಎರಡನೆಯದು ಗಾಜಿನ ಗುಮ್ಮಟದ ಕೆಳಗಿನ ದೊಡ್ಡ ಸಭಾಂಗಣದ ಫಲಕಗಳು. ನಿಮ್ಮ ಪ್ರಶ್ನೆ ಇವುಗಳದ್ದು. ಮೂರನೆಯದು ಅಂತಾರಾಷ್ಟ್ರೀಯ ಐಸ್ ಹಾಕಿ ಫೆಡರೇಷನ್ನಿನ ಹಾಲ್ ಆಫ್ ಫೇಮ್. 1997ರಲ್ಲಿ ಆರಂಭವಾದ ಇದರ ಪ್ರದರ್ಶನವೂ ಅದೇ ಸೂರಿನಡಿ ಇದೆ. ಹಾಗಾಗಿಯೇ ಪಾಲ್ ಹೆಂಡರ್ಸನ್, ಬೋರಿಸ್ ಮಿಖಾಯ್ಲೋವ್ ಹೆಸರನ್ನು ‘ಅಲ್ಲೇ ನೋಡಿದೆ’ ಎನ್ನುವವರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಬೇರೆ ಪಟ್ಟಿ ನೋಡಿರುತ್ತಾರೆ.

ಈಗ ವಿಧಾನ. ಆಟಗಾರ ಕಣದಿಂದ ಇಳಿದು ಮೂರು ಋತು ಕಳೆದಿರಬೇಕು. ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್ ಬಿಟ್ಟರೆ ಸಾಲದು, ಬೇರೆ ಎಲ್ಲಿಯೂ ವೃತ್ತಿಪರನಾಗಿ ಆಡುತ್ತಿರಬಾರದು. ಯಾರೊಮಿರ್ ಯಾಗರ್ 1,921 ಪಾಯಿಂಟ್ (ಹೊಡೆದ ಗೋಲು ಮತ್ತು ಗೋಲಾಗಲು ನೆರವಾದ ಪಾಸು ಸೇರಿ) ಇಟ್ಟುಕೊಂಡೂ ಹೊರಗಿರುವುದಕ್ಕೆ ಇದೊಂದೇ ಕಾರಣ: ಎನ್‌ಎಚ್‌ಎಲ್ ಮುಗಿಸಿದ ಮೇಲೂ ತನ್ನೂರು ಕ್ಲಾಡ್ನೊದ ತಂಡಕ್ಕೆ ಆಡುತ್ತಲೇ ಹೋದ. ಆತನನ್ನು ‘ಕಡೆಗಣಿತ’ರ ಪಟ್ಟಿಗೆ ಸೇರಿಸುವುದು ತಪ್ಪು. ಹಿಂದೆ ಹತ್ತು ಜನರಿಗೆ ಈ ಕಾಯುವಿಕೆಯನ್ನು ಮನ್ನಾ ಮಾಡಿದ್ದರು. 1999ರಲ್ಲಿ ಈ ಆಟದ ದಂತಕಥೆ ವೇನ್ ಗ್ರೆಟ್ಸ್ಕಿ ಕೊನೆಯವರು.

ಆಯ್ಕೆ ಸಮಿತಿಯಲ್ಲಿ 18 ಸದಸ್ಯರು. ಮಾಜಿ ಆಟಗಾರರು, ತಂಡಗಳ ಆಡಳಿತದಲ್ಲಿದ್ದವರು, ಪತ್ರಕರ್ತರು. ಪ್ರತಿ ಸದಸ್ಯ ಒಂದು ವಿಭಾಗಕ್ಕೆ ವರ್ಷಕ್ಕೆ ಒಂದೇ ಹೆಸರು ಸೂಚಿಸಬಹುದು. ಜೂನಿನಲ್ಲಿ ಸಭೆ, ಗುಪ್ತ ಮತದಾನ, ಹಾಜರಿದ್ದವರಲ್ಲಿ ಶೇ. 75 ಮತ ಬೇಕು. ಎಲ್ಲರೂ ಬಂದಿದ್ದರೆ 14. ಪುರುಷರಲ್ಲಿ ವರ್ಷಕ್ಕೆ ಹೆಚ್ಚೆಂದರೆ ನಾಲ್ವರು, ಮಹಿಳೆಯರಲ್ಲಿ ಇಬ್ಬರು. ಮೊದಲ ಸುತ್ತಿನಲ್ಲಿ ನಾಲ್ಕೂ ಜಾಗ ತುಂಬದಿದ್ದರೆ ಮತ್ತೊಂದು ಸುತ್ತು. ಆಗ ಅರ್ಧಕ್ಕಿಂತ ಕಡಿಮೆ ಮತ ಬಂದವರು ಉದುರಿಹೋಗುತ್ತಾರೆ. ಯಾರಿಗೆ ಎಷ್ಟು ಮತ ಬಂತು, ಯಾರ ಹೆಸರು ಚರ್ಚೆಗೆ ಬಂತು ಎಂಬುದು ಹೊರಗೆ ಬರುವುದೇ ಇಲ್ಲ. ಬೇಸ್‌ಬಾಲ್‌ನಲ್ಲಿ ಸೋತವನಿಗೂ ತನಗೆ ಶೇಕಡಾ ಎಷ್ಟು ಸಿಕ್ಕಿತೆಂದು ಗೊತ್ತಾಗುತ್ತದೆ. ಮುಂದಿನ ವರ್ಷ ವಾದ ಎಲ್ಲಿಂದ ಶುರುಮಾಡಬೇಕೆಂಬುದು ಅವನ ಪರ ಇರುವವರಿಗೂ ತಿಳಿಯುತ್ತದೆ. ಹಾಕಿಯಲ್ಲಿ ಒಬ್ಬ 13 ಮತದಲ್ಲಿ ನಿಂತನೋ, ಅವನ ಹೆಸರನ್ನು ಯಾರೂ ಎತ್ತಲೇ ಇಲ್ಲವೋ, ಎರಡೂ ಹೊರಗಿನವರಿಗೆ ಒಂದೇ ಥರ ಕಾಣುತ್ತದೆ.

ಲೆಕ್ಕ ಹಾಕಿ ನೋಡಿದರೆ ಇಕ್ಕಟ್ಟು ಎಲ್ಲಿದೆ ಎಂದು ತಿಳಿಯುತ್ತದೆ. ಒಬ್ಬೊಬ್ಬರೂ ನಾಲ್ಕು ಹೆಸರಿಗೆ ಒಪ್ಪಿಗೆ ಕೊಡುತ್ತಾರೆ ಎಂದುಕೊಳ್ಳಿ. ಒಟ್ಟು 72 ಮತ. ಆ ವರ್ಷ ಮೂವರು ನಿರ್ವಿವಾದ ಆಟಗಾರರು ಮೊದಲ ಬಾರಿ ಅರ್ಹರಾಗಿದ್ದರೆ ಅವರೇ 54 ಮತ ತಿಂದುಬಿಡುತ್ತಾರೆ. ಉಳಿದದ್ದು 18. ಅದರಲ್ಲಿ 14 ಒಬ್ಬನಿಗೇ ಬರಬೇಕು. ಫ್ಲ್ಯೂರಿಗೆ ಐದು, ಜೋಸೆಫ್‌ಗೆ ಐದು, ಬ್ರಿಂಡಮೋರ್‌ಗೆ ನಾಲ್ಕು, ಮೊಗಿಲ್ನಿಗೆ ನಾಲ್ಕು ಎಂದು ಹಂಚಿಹೋದರೆ ನಾಲ್ವರೂ ಮನೆಗೆ. ಕೋಣೆಯಲ್ಲಿರುವ ಯಾರಿಗೂ ಈ ನಾಲ್ವರ ಮೇಲೆ ದ್ವೇಷ ಇರಬೇಕಾಗಿಲ್ಲ. ಇದು ನಾನು ಕಟ್ಟಿದ ಉದಾಹರಣೆ; ನಿಜವಾದ ಎಣಿಕೆ ಹೊರಗೆ ಬರುವುದಿಲ್ಲ ಎಂದೆನಲ್ಲ. ಆದರೆ 2025ರ ಪಟ್ಟಿ ಇದೇ ಅಚ್ಚಿನದು: ಝ್ಡೆನೊ ಚಾರಾ, ಜೋ ಥಾರ್ನ್‌ಟನ್, ಡಂಕನ್ ಕೀತ್ ಮೂವರೂ ಅರ್ಹತೆಯ ಮೊದಲ ವರ್ಷದಲ್ಲೇ ಒಳಗೆ ಹೋದರು, ನಾಲ್ಕನೆಯ ಜಾಗ ಅಲೆಕ್ಸಾಂಡರ್ ಮೊಗಿಲ್ನಿಗೆ. 990 ಪಂದ್ಯಗಳಲ್ಲಿ 1,032 ಪಾಯಿಂಟ್, 1992–93ರ ಒಂದೇ ಋತುವಿನಲ್ಲಿ 76 ಗೋಲು, ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್, ಒಲಿಂಪಿಕ್ ಚಿನ್ನ, ವಿಶ್ವ ಚಾಂಪಿಯನ್‌ಷಿಪ್ ಚಿನ್ನ ಎಲ್ಲ ಇದ್ದೂ ಆತ 2009ರಿಂದ ಕಾದಿದ್ದ.

ಹಾಗಾದರೆ ಹಳೆಯ ಬಾಕಿ ತೀರುವುದು ಯಾವಾಗ? ಹೊಸಬರು ಕಡಿಮೆ ಇರುವ ವರ್ಷ. 2023ರಲ್ಲಿ ಹೊಸದಾಗಿ ಅರ್ಹರಾದವರಲ್ಲಿ ಎಲ್ಲರೂ ಒಪ್ಪುವ ಹೆಸರು ಹೆನ್ರಿಕ್ ಲುಂಡ್‌ಕ್ವಿಸ್ಟ್ ಒಂದೇ. ಉಳಿದ ಮೂರು ಜಾಗ ಮೈಕ್ ವರ್ನನ್, ಟಾಮ್ ಬರಾಸೊ, ಪಿಯರ್ ಟರ್ಜನ್‌ಗೆ ಹೋಯಿತು. ಮೂವರೂ ವರ್ಷಗಟ್ಟಲೆ ಬಾಗಿಲಲ್ಲಿ ನಿಂತವರು. ಟರ್ಜನ್ ಬಳಿ 1,327 ಪಾಯಿಂಟ್ ಇತ್ತು. 2020ರಲ್ಲೂ ಇಗಿನ್ಲಾ, ಹೋಸಾ ಹೋದ ಮೇಲೆ ಉಳಿದ ಎರಡರಲ್ಲಿ ಕೆವಿನ್ ಲೋ ಮತ್ತು ಡಗ್ ವಿಲ್ಸನ್. ವಿಲ್ಸನ್ ಆಟ ಬಿಟ್ಟದ್ದು 1993ರಲ್ಲಿ. ಗೋಲಿ ವಶಾನ್ (Rogie Vachon) 1982ರಲ್ಲಿ ಆಟ ಬಿಟ್ಟು 2016ರಲ್ಲಿ ಒಳಗೆ ಬಂದ. ಮಗನ ಜೊತೆ ಮುಂದಿನ ಪಟ್ಟಿ ಊಹಿಸುವುದಾದರೆ ಮೊದಲು ನೋಡಬೇಕಾದ್ದು ಫ್ಲ್ಯೂರಿಯ ಅಂಕಿಗಳನ್ನಲ್ಲ, ಮೂರು ವರ್ಷದ ಹಿಂದೆ ಯಾರು ಯಾರು ಆಟ ಬಿಟ್ಟರು ಎಂಬುದನ್ನು. ಕೋವಿಡ್‌ನಿಂದ 2020ರವರ ಸಮಾರಂಭವೇ 2021ರ ನವೆಂಬರಿಗೆ ಹೋಯಿತು, 2021ರಲ್ಲಿ ಯಾರನ್ನೂ ಆರಿಸಲಿಲ್ಲ. ಕಾಯುವವರ ಪಾಲಿನ ನಾಲ್ಕು ಜಾಗ ಹಾಗೇ ಆವಿಯಾಯಿತು.

ಇನ್ನು ಹೆಸರು ಹಿಡಿದು ಹೇಳುತ್ತೇನೆ. 2025ರ ಪಟ್ಟಿಯವರೆಗಿನ ಮಾತು ಇದು.

ಕರ್ಟಿಸ್ ಜೋಸೆಫ್‌ನ ಪ್ರಕರಣ ಗೋಲಿಗಳನ್ನು ಹೇಗೆ ತೂಗುತ್ತಾರೆ ಎಂಬುದಕ್ಕೆ ಒಳ್ಳೆಯ ಪಾಠ. 454 ಗೆಲುವು, ಒಳಗೆ ಹೋದ ವರ್ನನ್ (385), ಬರಾಸೊ (369) ಇಬ್ಬರಿಗಿಂತ ಬಹಳ ಹೆಚ್ಚು. ಆದರೆ ವರ್ನನ್‌ಗೆ ಎರಡು ಸ್ಟ್ಯಾನ್ಲಿ ಕಪ್ ಮತ್ತು 1997ರ ಪ್ಲೇಆಫ್‌ನ (ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳ) ಶ್ರೇಷ್ಠ ಆಟಗಾರನ ಕಾನ್ ಸ್ಮೈತ್ ಟ್ರೋಫಿ. ಬರಾಸೊಗೆ 1984ರಲ್ಲಿ ವರ್ಷದ ಶ್ರೇಷ್ಠ ಗೋಲಿಯ ವೆಝಿನಾ, ಮೇಲೆ ಪಿಟ್ಸ್‌ಬರ್ಗ್‌ನ ಎರಡು ಕಪ್. ಜೋಸೆಫ್‌ಗೆ ಕಪ್ಪೂ ಇಲ್ಲ, ವೆಝಿನಾ ಕೂಡ ಇಲ್ಲ. ‘ಒಳಗಿರುವ ಗೋಲಿ ಲುವಾಂಗೊಗೂ ಎರಡೂ ಇಲ್ಲವಲ್ಲ’ ಎಂದು ನೀವು ಕೇಳಬಹುದು, ಕೇಳಲೇಬೇಕು. ವ್ಯತ್ಯಾಸ ಒಲಿಂಪಿಕ್ಸ್‌ನಲ್ಲಿದೆ. 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ ಕೆನಡಾದ ಮೊದಲ ಪಂದ್ಯಕ್ಕೆ ಜೋಸೆಫ್ ನಿಂತ, ಸ್ವೀಡನ್ ಎದುರು 5–2ರಿಂದ ಸೋಲು. ಜಾಗ ಮಾರ್ಟಿನ್ ಬ್ರೊಡರ್‌ಗೆ ಹೋಯಿತು, ಚಿನ್ನವೂ ಅವನ ಹೆಸರಲ್ಲೇ ಬಂತು. ಎಂಟು ವರ್ಷದ ನಂತರ ವ್ಯಾಂಕೂವರ್‌ನಲ್ಲಿ ಅದೇ ಬ್ರೊಡರ್ ಅಮೆರಿಕ ಎದುರು ಸೋತಾಗ ಒಳಗೆ ಬಂದವನು ಲುವಾಂಗೊ, ಫೈನಲ್ ಗೆದ್ದ. ಇಬ್ಬರ ವೃತ್ತಿಜೀವನವನ್ನು ಬೇರೆ ಮಾಡಿದ್ದು ಹೆಚ್ಚುಕಡಿಮೆ ಒಂದೊಂದು ಸಂಜೆ. ಜೋಸೆಫ್‌ನ ನಿಜವಾದ ಮೌಲ್ಯ ಇರುವುದು 1997 ಮತ್ತು 1998ರ ಎಡ್ಮಂಟನ್‌ನಲ್ಲಿ: ಬಡ ತಂಡವೊಂದನ್ನು ಬೆನ್ನ ಮೇಲೆ ಹೊತ್ತು ಡಲ್ಲಾಸ್, ಕೊಲರಾಡೊ ಎರಡನ್ನೂ ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿದ್ದು. ಟ್ರೋಫಿ ಎಣಿಸುವ ಕಣ್ಣಿಗೆ ಇದು ಕಾಣುವುದಿಲ್ಲ. ಡೆಟ್ರಾಯ್ಟ್‌ಗೆ ಬಂದದ್ದೂ ಆ ತಂಡ ಕಪ್ ಗೆದ್ದ ಮರುವರ್ಷ. 2003ರಲ್ಲಿ ಅನಹೈಮ್ ನಾಲ್ಕಕ್ಕೆ ನಾಲ್ಕು ಪಂದ್ಯ ಗೆದ್ದು ಅವರನ್ನು ಹೊರಹಾಕಿತು.

ಕ್ರಿಸ್ ಆಸ್ಗುಡ್‌ನದ್ದು ಇದರ ತಿರುವುಮುರುವು. 401 ಗೆಲುವು, ಮೂರು ಕಪ್, ಅದರಲ್ಲಿ ಎರಡನ್ನು ಮುಖ್ಯ ಗೋಲಿಯಾಗಿಯೇ ಗೆದ್ದದ್ದು. ಆದರೂ ‘ಅಂಥ ಡೆಟ್ರಾಯ್ಟ್ ತಂಡದ ಹಿಂದೆ ಯಾರು ನಿಂತರೂ ಗೆಲ್ಲುತ್ತಿದ್ದರು’ ಎಂಬ ಮಾತು ಅವನನ್ನು ಬಿಟ್ಟಿಲ್ಲ. ಒಬ್ಬನಿಗೆ ಕಪ್ ಇಲ್ಲವೆಂಬ ಆಕ್ಷೇಪ, ಇನ್ನೊಬ್ಬನಿಗೆ ಕಪ್ ಸುಲಭವಾಗಿ ಸಿಕ್ಕಿತೆಂಬ ಆಕ್ಷೇಪ. ನನ್ನ ತೂಕದಲ್ಲಿ ಜೋಸೆಫ್ ಒಳಗೆ, ಆಸ್ಗುಡ್ ಗಡಿಯಲ್ಲಿ.

ಈಗ ಫ್ಲ್ಯೂರಿ. ಐದಡಿ ಆರಿಂಚಿನ ಆಳು, 1987ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ) 166ನೆಯವನು. 1,084 ಪಂದ್ಯ, 455 ಗೋಲು, 1,088 ಪಾಯಿಂಟ್. ಪಂದ್ಯಕ್ಕೊಂದು ಪಾಯಿಂಟ್ ಎಂಬುದು ಈ ಆಟದಲ್ಲಿ ದೊಡ್ಡ ಗೆರೆ. ಪ್ಲೇಆಫ್‌ನಲ್ಲೂ ಆ ಗೆರೆ ತಪ್ಪಿಲ್ಲ: 77 ಪಂದ್ಯಕ್ಕೆ 79. 1989ರ ಕಪ್, 2002ರ ಒಲಿಂಪಿಕ್ ಚಿನ್ನ. ತನ್ನ ತಂಡದಲ್ಲಿ ಒಬ್ಬ ಕಡಿಮೆ ಇರುವಾಗ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ ಮೊದಲಿಗ. ಆಟದ ಲೆಕ್ಕದಲ್ಲಿ ಇದು ಬಾಗಿಲು ತೆರೆಯುವ ದಾಖಲೆ. ಬಾಗಿಲು ಮುಚ್ಚಿರುವುದು, ನನ್ನ ಊಹೆಯಲ್ಲಿ, ನಿಯಮಾವಳಿಯ ಇನ್ನೊಂದು ಪದಕ್ಕೆ. ಆಯ್ಕೆಗೆ ಆಟದ ಸಾಮರ್ಥ್ಯ, ಕ್ರೀಡಾಮನೋಭಾವ, ತಂಡಕ್ಕೂ ಆಟಕ್ಕೂ ಕೊಡುಗೆ ಇವುಗಳ ಜೊತೆ ‘ನಡತೆ’ಯನ್ನೂ ನೋಡಬೇಕೆಂದಿದೆ. ಫ್ಲ್ಯೂರಿಯ ಎನ್‌ಎಚ್‌ಎಲ್ ಬದುಕು ಮುಗಿದದ್ದು 2003ರಲ್ಲಿ, ಮಾದಕ ವ್ಯಸನದ ನಿಯಮ ಮುರಿದ ಅಮಾನತಿನೊಂದಿಗೆ. 2009ರಲ್ಲಿ ತನ್ನ ಆತ್ಮಕಥೆಯಲ್ಲಿ, ಜೂನಿಯರ್ ದಿನಗಳಲ್ಲಿ ಕೋಚ್ ಒಬ್ಬನಿಂದ ಲೈಂಗಿಕ ದೌರ್ಜನ್ಯ ಆಗಿದ್ದನ್ನು ಬಹಿರಂಗಪಡಿಸಿದ. ಆ ಕೋಚ್‌ಗೆ ನಂತರ ಶಿಕ್ಷೆಯಾಯಿತು. ವ್ಯಸನದ ಹಿಂದಿನ ಕಾರಣ ಗೊತ್ತಾದ ಮೇಲೂ ಸಮಿತಿ ಕದಲಿಲ್ಲ. ಇತ್ತೀಚಿನ ವರ್ಷಗಳ ಅವನ ಖಾರವಾದ ರಾಜಕೀಯ ಮಾತುಗಳು ಹೊಸ ವಿರೋಧಿಗಳನ್ನು ಗಳಿಸಿಕೊಟ್ಟಿವೆ. ಹದಿನೆಂಟರಲ್ಲಿ ಐವರು ಬೇಡವೆಂದರೆ ಕಥೆ ಮುಗಿಯಿತು, ಮತ್ತು ಯಾವ ಕಾರಣಕ್ಕೆ ಬೇಡ ಎಂದು ಆ ಐವರು ಯಾರಿಗೂ ಹೇಳಬೇಕಾಗಿಲ್ಲ.

ಇದು ಇಂದಿನ ಖಾಯಿಲೆಯೂ ಅಲ್ಲ. ಟೊರೊಂಟೊದ ಬುಷರ್ ಜಾಕ್ಸನ್ 1931–32ರಲ್ಲಿ ಲೀಗಿನಲ್ಲೇ ಹೆಚ್ಚು ಪಾಯಿಂಟ್ ಗಳಿಸಿದವನು. ಕುಡಿತ, ಸಾಲದ ಬದುಕು. 1966ರಲ್ಲಿ ಸಾಯುವವರೆಗೂ ಅವನನ್ನು ಒಳಗೆ ಬಿಡಲಿಲ್ಲ. 1971ರಲ್ಲಿ ಕೊನೆಗೂ ಆರಿಸಿದಾಗ, ಹಾಲ್‌ನ ಅಧ್ಯಕ್ಷರಾಗಿದ್ದ ಕಾನ್ ಸ್ಮೈತ್ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಸ್ಮೈತ್ ಅವರೇ ಜಾಕ್ಸನ್‌ನ ಹಳೆಯ ತಂಡದ ಯಜಮಾನರು! ಆ ಫಲಕಗಳಲ್ಲಿ ಸಂತರೇ ತುಂಬಿದ್ದಾರೆ ಎಂದೇನೂ ಇಲ್ಲ. ‘ನಡತೆ’ ಎಂಬ ಪದ ಕೆಲವರಿಗೆ ಮಾತ್ರ ನೆನಪಾಗುತ್ತದೆ.

ರಾಡ್ ಬ್ರಿಂಡಮೋರ್ ವಿಷಯದಲ್ಲಿ ನಡತೆಯ ಪ್ರಶ್ನೆಯೇ ಇಲ್ಲ. 1,484 ಪಂದ್ಯ, 1,184 ಪಾಯಿಂಟ್, ರಕ್ಷಣೆಯಲ್ಲಿ ಶ್ರೇಷ್ಠ ಫಾರ್ವರ್ಡ್‌ಗೆ ಕೊಡುವ ಸೆಲ್ಕಿ ಟ್ರೋಫಿ ಎರಡು ಬಾರಿ, 2006ರಲ್ಲಿ ನಾಯಕನಾಗಿ ಕ್ಯಾರೊಲೈನಾಕ್ಕೆ ಕಪ್. 2019ರಲ್ಲಿ ಒಳಗೆ ಬಂದ ಗೀ ಕಾರ್ಬೊನೊಗೆ ಮೂರು ಸೆಲ್ಕಿ, ಮೂರು ಕಪ್, ಆದರೆ ಪಾಯಿಂಟ್ 663. ಕಾರ್ಬೊನೊ ಒಂದು ಕೆಲಸದಲ್ಲಿ ತನ್ನ ಕಾಲದ ಅತ್ಯುತ್ತಮ. ಬ್ರಿಂಡಮೋರ್ ಎಲ್ಲ ಕೆಲಸದಲ್ಲೂ ಬಹಳ ಒಳ್ಳೆಯವನು. ಸಮಿತಿಯ ಕೋಣೆಯಲ್ಲಿ ಒಂದೇ ವಾಕ್ಯದಲ್ಲಿ ಹೇಳಲು ಬರುವ ಆಟಗಾರನಿಗೆ ಅನುಕೂಲ ಹೆಚ್ಚು. ಆರು ಸೆಲ್ಕಿ ಗೆದ್ದ ಪಟ್ರೀಸ್ ಬರ್ಜರಾನ್ 2026ರಿಂದ ಅರ್ಹ. ಹೋಲಿಕೆಗೆ ಅವನು ಬಂದ ಮೇಲೆ ಬ್ರಿಂಡಮೋರ್ ಪರ ವಾದ ಮಾಡುವುದು ಕಷ್ಟವಾಗುತ್ತದೆ. ಹಳಬರಲ್ಲಿ ಕ್ಲಾಡ್ ಪ್ರೊವೊ ಇದಕ್ಕಿಂತ ವಿಚಿತ್ರ. ಮಾಂಟ್ರಿಯಲ್ ಜೊತೆ ಒಂಬತ್ತು ಕಪ್. ಫಲಕವಿಲ್ಲದ ಆಟಗಾರರಲ್ಲಿ ಇಷ್ಟು ಕಪ್ ಬೇರೆ ಯಾರಿಗೂ ಇಲ್ಲ. 1964–65ರಲ್ಲಿ ವರ್ಷದ ಶ್ರೇಷ್ಠರನ್ನು ಹೆಸರಿಸುವ ಮೊದಲ ಆಲ್‌ಸ್ಟಾರ್ ತಂಡದ ಬಲಬದಿಗೆ ಗೋರ್ಡಿ ಹೋವನ್ನು ಹಿಂದಿಕ್ಕಿ ಅವನನ್ನು ಆರಿಸಿದ್ದರು. ಬಾಬಿ ಹಲ್‌ನಂಥವರ ನೆರಳಾಗಿ ಆಡುವುದು ಅವನ ಕೆಲಸ, ನೆರಳಿಗೆ ಅಂಕಿ ಬರುವುದಿಲ್ಲ. ಈಗ ಅವನನ್ನು ಕಣ್ಣಾರೆ ಕಂಡ ಸದಸ್ಯರೇ ಸಮಿತಿಯಲ್ಲಿ ಉಳಿದಿಲ್ಲ. ಹಳಬರಿಗಾಗಿಯೇ ಇದ್ದ ವಿಭಾಗವನ್ನು 2000ದಲ್ಲಿ ತೆಗೆದುಹಾಕಿದ್ದು ಇಂಥವರಿಗೆ ದೊಡ್ಡ ಪೆಟ್ಟು.

ಪಾಯಿಂಟುಗಳನ್ನು ಕಾಲದಿಂದ ಕಾಲಕ್ಕೆ ಹೋಲಿಸುವಾಗ ಅಭಿಮಾನಿಗಳು ಎಡವುವುದು ಇಲ್ಲಿ: 1981–82ರಲ್ಲಿ ಎರಡೂ ತಂಡ ಸೇರಿ ಪಂದ್ಯಕ್ಕೆ ಸರಾಸರಿ 8 ಗೋಲು ಬೀಳುತ್ತಿತ್ತು. 1988–89ರಲ್ಲಿ ಸುಮಾರು 7.5, 2000–01ರಲ್ಲಿ 5.5, 2003–04ರಲ್ಲಿ 5.1. ಬರ್ನಿ ನಿಕೋಲ್ಸ್ 1988–89ರಲ್ಲಿ ಲಾಸ್ ಏಂಜಲೀಸ್‌ಗೆ 70 ಗೋಲು, 150 ಪಾಯಿಂಟ್ ಮಾಡಿದ. ಪಟ್ರಿಕ್ ಎಲಿಯಾಶ್ 2000–01ರಲ್ಲಿ ನ್ಯೂಜೆರ್ಸಿಗೆ 96 ಪಾಯಿಂಟ್. ನಿಕೋಲ್ಸ್‌ನ 150ನ್ನು 7.5ರಿಂದ ಭಾಗಿಸಿ 5.5ರಿಂದ ಗುಣಿಸಿದರೆ 110. ಅಂದರೆ 54 ಪಾಯಿಂಟಿನ ಅಂತರ 14ಕ್ಕೆ ಇಳಿಯಿತು. ಜೊತೆಗೆ ನಿಕೋಲ್ಸ್ ಆಡಿದ್ದು ಗ್ರೆಟ್ಸ್ಕಿ ಇದ್ದ ತಂಡದಲ್ಲಿ, ಎಲಿಯಾಶ್ ಆಡಿದ್ದು ರಕ್ಷಣೆಗೇ ಹೆಸರಾದ ತಂಡದಲ್ಲಿ. ನಿಕೋಲ್ಸ್‌ನ ಒಟ್ಟು 1,209 ಪಾಯಿಂಟ್ ಎಲಿಯಾಶ್‌ನ 1,025ಕ್ಕಿಂತ ಮೇಲೆ ಕಂಡರೂ, ಎರಡು ಕಪ್ ಇರುವ ಎಲಿಯಾಶ್‌ನನ್ನೇ ನಾನು ಮುಂದೆ ನಿಲ್ಲಿಸುತ್ತೇನೆ. ಇಬ್ಬರೂ ಹೊರಗಿದ್ದಾರೆ. 538 ಗೋಲು ಹೊಡೆದ ಕೀತ್ ಕಚಕ್ ಕೂಡ ಹೊರಗೆ. ಕಪ್ ಇಲ್ಲ, ಪ್ಲೇಆಫ್‌ನಲ್ಲಿ ಹೇಳಿಕೊಳ್ಳುವಂಥದ್ದಿಲ್ಲ ಎಂಬುದು ಅವನ ಮೇಲಿನ ದೂರು.

ಎನ್‌ಎಚ್‌ಎಲ್‌ನಲ್ಲಿ ಆಡದವರಿಗೆ ದಾರಿ ಇನ್ನೂ ಕಿರಿದು. ಹೆಸರಿನಲ್ಲಿ ಇದು ಇಡೀ ಹಾಕಿಯ ಸಂಸ್ಥೆ, ಎನ್‌ಎಚ್‌ಎಲ್‌ನದಲ್ಲ. ಆದರೂ ಬೋರಿಸ್ ಮಿಖಾಯ್ಲೋವ್ ಸೋವಿಯತ್ ತಂಡದ ನಾಯಕ, ಎರಡು ಒಲಿಂಪಿಕ್ ಚಿನ್ನ, ಎಂಟು ವಿಶ್ವ ಪ್ರಶಸ್ತಿ, ಫಲಕ ಇಲ್ಲ. ಅವನ ಜೊತೆ ಅದೇ ದಾಳಿಯ ಸಾಲಿನಲ್ಲಿ ಆಡಿದ ಖಾರ್ಲಾಮೋವ್‌ಗೆ 2005ರಲ್ಲಿ ಸಿಕ್ಕಿತು. ಇನ್ನೊಬ್ಬ ಸೋವಿಯತ್ ಆಟಗಾರ ಮಾಲ್ತ್ಸೆವ್‌ಗೂ ಇಲ್ಲ. ಕೆನಡಾದವರು 1972ರಲ್ಲಿ ಸೋವಿಯತ್ ಎದುರಿನ ಎಂಟು ಪಂದ್ಯಗಳ ಸರಣಿಯಲ್ಲಿ ಖಾರ್ಲಾಮೋವ್, ತ್ರೆತ್ಯಾಕ್, ಯಾಕುಶೆವ್ ಇವರನ್ನು ನೋಡಿ ಬೆರಗಾದರು; ಆ ಬೆರಗಿನ ನೆನಪಿದ್ದವರಿಗೆ ಮತ ಬಿತ್ತು. ಅದೇ ಸರಣಿಯ ಕೊನೆಯ ಮೂರು ಪಂದ್ಯಗಳಲ್ಲೂ ಗೆಲುವಿನ ಗೋಲು ಹೊಡೆದ, ಮಾಸ್ಕೋದ ಕೊನೆಯ ಪಂದ್ಯದಲ್ಲಿ 34 ಸೆಕೆಂಡ್ ಉಳಿದಿರುವಾಗ ಹೊಡೆದ ಕೆನಡಾದ ಪಾಲ್ ಹೆಂಡರ್ಸನ್ ಮಾತ್ರ ಹೊರಗೆ. ಇದು ನನಗೆ ಅನ್ಯಾಯವೆನಿಸುವುದಿಲ್ಲ. 707 ಎನ್‌ಎಚ್‌ಎಲ್ ಪಂದ್ಯಗಳಲ್ಲಿ 477 ಪಾಯಿಂಟ್. ಒಂದು ತಿಂಗಳ ಮಹಿಮೆಗೆ ಮ್ಯೂಸಿಯಂನಲ್ಲಿ ಜಾಗ ಇದೆ, ಇರಬೇಕು.

ಮಹಿಳೆಯರ ವಿಷಯದಲ್ಲಿ ಮೇಲೆ ಹೇಳಿದ ಇಕ್ಕಟ್ಟಿನ ವಾದ ನಡೆಯುವುದಿಲ್ಲ. 2010ರಲ್ಲಿ ಏಂಜೆಲಾ ಜೇಮ್ಸ್, ಕ್ಯಾಮಿ ಗ್ರಾನಾಟೊ ಮೊದಲು ಬಂದರು. ಅಂದಿನಿಂದ 2025ರವರೆಗೆ ಹದಿನೈದು ಆಯ್ಕೆಗಳು, ವರ್ಷಕ್ಕೆರಡರಂತೆ 30 ಜಾಗ, ತುಂಬಿದ್ದು 14. 2011, 2012, 2014, 2016ರಲ್ಲಿ ಒಬ್ಬರೂ ಇಲ್ಲ. ಜಾಗ ಖಾಲಿ ಬಿಟ್ಟು, ಅಮೆರಿಕಕ್ಕೆ 2018ರ ಚಿನ್ನ ತಂದ ನಾಯಕಿ ಮೇಗನ್ ಡಗನ್‌ರನ್ನೋ, 2006ರ ಒಲಿಂಪಿಕ್ ಸೆಮಿಫೈನಲ್‌ನಲ್ಲಿ ಅಮೆರಿಕವನ್ನು ಉರುಳಿಸಿದ ಸ್ವೀಡನ್‌ನ ಮರಿಯಾ ರೂಥ್‌ರನ್ನೋ ಹೊರಗಿಡಲು ಸಮರ್ಥನೆ ಏನಿದೆ? ಹೊರಗಿರುವವರ ಪೈಕಿ ನನಗೆ ಅತ್ಯಂತ ಅಸಮಂಜಸ ಎನಿಸುವುದು ಇದೇ.

ಅಭಿಮಾನಿಗಳ ಕೈಯಲ್ಲಿ ಏನಿದೆ ಎಂದು ಕೇಳಿದಿರಿ. ಸಾರ್ವಜನಿಕರೂ ಲಿಖಿತವಾಗಿ ಹೆಸರು ಕಳಿಸಬಹುದು. ಸದಸ್ಯರು ತಮ್ಮ ಸೂಚನೆಗಳನ್ನು ಏಪ್ರಿಲ್ ಮಧ್ಯದೊಳಗೆ ಕೊಡುವುದರಿಂದ, ನಿಮ್ಮ ಪತ್ರ ಚಳಿಗಾಲ ಮುಗಿಯುವ ಮೊದಲೇ ತಲುಪಬೇಕು. ಜೂನಿನಲ್ಲಿ ಪಟ್ಟಿ ಬಂದ ಮೇಲೆ ಸಿಟ್ಟಿನಲ್ಲಿ ಬರೆದದ್ದು ದಂಡ. ಸಾವಿರ ಸಹಿಗಳ ಮನವಿಯಿಂದಲೂ ಪ್ರಯೋಜನವಿಲ್ಲ, ಏಕೆಂದರೆ ಸಹಿ ಮತವಾಗುವುದಿಲ್ಲ. ಒಬ್ಬ ಸದಸ್ಯ ತನ್ನ ಆ ವರ್ಷದ ಒಂದೇ ಸೂಚನೆಯನ್ನು ಇವನಿಗೆ ಖರ್ಚುಮಾಡಲು ಕಾರಣ ಸಿಗಬೇಕು, ಕೋಣೆಯಲ್ಲಿ ಓದಿ ಹೇಳಲು ಅವನಿಗೆ ಸರಕು ಸಿಗಬೇಕು. ಆದ್ದರಿಂದ ಎರಡು ಪುಟ ಮೀರಬೇಡಿ. ಒಟ್ಟು ಪಾಯಿಂಟ್ ಎಲ್ಲರಿಗೂ ಗೊತ್ತಿರುತ್ತದೆ, ಅದನ್ನು ಮೊದಲ ಸಾಲಿನಲ್ಲಿ ಮುಗಿಸಿ. ಆಮೇಲೆ ಅವನ ಶಿಖರದ ಐದು ಋತುಗಳಲ್ಲಿ ಲೀಗಿನಲ್ಲಿ ಎಷ್ಟನೆಯವನಾಗಿದ್ದ ಎಂಬುದು, ಮೇಲಿನ ಥರ ಕಾಲಕ್ಕೆ ಹೊಂದಿಸಿದ ಲೆಕ್ಕ, ಪ್ಲೇಆಫ್ ಬೇರೆಯಾಗಿ. ಈಗಾಗಲೇ ಒಳಗಿರುವ ಒಬ್ಬನನ್ನು ಮಾತ್ರ ಹೋಲಿಕೆಗೆ ಇಡಿ, ಅದೂ ತೀರಾ ದುರ್ಬಲ ಆಟಗಾರನನ್ನಲ್ಲ. ‘ಅವನೇ ಇರುವಾಗ ಇವನ್ಯಾಕೆ ಬೇಡ’ ಎಂಬ ವಾದ, ಅವನನ್ನು ಆರಿಸಿದ ಸದಸ್ಯರ ಮುಖಕ್ಕೇ ಹೊಡೆದಂತೆ. ಫ್ಲ್ಯೂರಿ ಪರ ಬರೆಯುವುದಾದರೆ 2003ರ ಅಮಾನತನ್ನು ಮುಚ್ಚಿಡಬೇಡಿ, ಮೊದಲ ಪುಟದಲ್ಲೇ ಎತ್ತಿ ಉತ್ತರಿಸಿ. ವಿರೋಧಿಸುವ ಐವರು ಮೊದಲು ಹುಡುಕುವುದು ಅದನ್ನೇ. ಸೂಚನೆಗಳು ವರ್ಷದಿಂದ ವರ್ಷಕ್ಕೆ ತಾವಾಗಿ ಮುಂದುವರಿಯುವುದಿಲ್ಲ, ಹಾಗಾಗಿ ಈ ವರ್ಷ ಆಗದಿದ್ದರೆ ಮುಂದಿನ ಚಳಿಗಾಲದಲ್ಲಿ ಮತ್ತೆ ಕಳಿಸಬೇಕು.